ಮೂತ್ರಪಿಂಡದ ಮಿತವ್ಯಯ ಮತ್ತು ನಮ್ಮ ಹೊಣೆ

ಮೂತ್ರಪಿಂಡವೆಂದರೆ ರಕ್ತವನ್ನು ಸೋಸುವ ಜರಡಿ ಎಂದು ಪಾಠ ಒಪ್ಪಿಸುವುದು ವಾಡಿಕೆ. ಈ ಹೋಲಿಕೆ ಅರ್ಧಸತ್ಯವೆಂಬುದು ನನ್ನ ಅಭಿಪ್ರಾಯ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಹೊರಗೆ ಹೋಗುವುದಾದರೋ ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದೆಲ್ಲ ಮರಳಿ ರಕ್ತವನ್ನೇ ಸೇರುತ್ತದೆ. ಇದು ಜರಡಿಯ ಕೆಲಸವಲ್ಲ. ಬರಗಾಲ ಕಂಡ ಮನೆಯೊಡತಿಯ ಜಾಣ್ಮೆ.

ಈ ಉಳಿತಾಯದ ಬಹುಪಾಲು ಸೂಕ್ಷ್ಮನಾಳದ ಮೊದಲ ಭಾಗದಲ್ಲಿಯೇ ನಡೆಯುತ್ತದೆ. ಮೂತ್ರವನ್ನು ಗಾಢಗೊಳಿಸುವ ಗುಟ್ಟು ಮಾತ್ರ ಅದರ ಮುಂದಿನ ಭಾಗವಾದ ಹೆನ್ಲೆಯ ಕುಣಿಕೆಯಲ್ಲಿದೆ. ತಲೆಪಿನ್ನಿನಂತೆ ಬಾಗಿರುವ ಈ ನಾಳ ಮೂತ್ರಪಿಂಡದ ಒಳಭಾಗಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಏರುವ ಕವಲು ಉಪ್ಪನ್ನು ಹೊರಹಾಕುತ್ತದೆ, ನೀರನ್ನು ಬಿಡುವುದಿಲ್ಲ. ಇಳಿಯುವ ಕವಲು ನೀರನ್ನು ಬಿಟ್ಟುಕೊಡುತ್ತದೆ. ಎರಡರಲ್ಲಿಯೂ ಹರಿವು ಎದುರುಬದುರಾಗಿರುವುದರಿಂದ ಸಣ್ಣ ಅಂತರವೇ ಹಂತಹಂತವಾಗಿ ಬೆಳೆದು, ಆಳಕ್ಕೆ ಹೋದಂತೆ ಉಪ್ಪಿನ ಸಾಂದ್ರತೆ ಹೆಚ್ಚುತ್ತದೆ. ಯೂರಿಯಾ ಕೂಡ ಇದಕ್ಕೆ ನೆರವಾಗುತ್ತದೆ. ಸ್ವಿಟ್ಜರ್ಲೆಂಡಿನ ವರ್ನರ್ ಕುನ್ 1942ರಲ್ಲಿ ಈ ತತ್ತ್ವವನ್ನು ಸೂಚಿಸಿದರು. 1951ರಲ್ಲಿ ಅವರೂ ಸಹೋದ್ಯೋಗಿಗಳೂ ಇದಕ್ಕೆ ಪುರಾವೆ ಒದಗಿಸಿದರು.

ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಅದು ನೀರು ಬಿಟ್ಟು ಸುಕ್ಕುಗಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಮೂತ್ರವನ್ನು ಹೊತ್ತ ಸಂಗ್ರಾಹಕ ನಾಳವು ಆ ಉಪ್ಪಿನ ಪ್ರದೇಶವನ್ನು ಹಾದುಹೋಗುವಾಗಲೂ ನಡೆಯುವುದು ಇದೇ. ದೇಹದಲ್ಲಿ ನೀರು ಕಡಿಮೆಯಾದರೆ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಬಿಡುಗಡೆಯಾಗಿ, ನಾಳದ ಗೋಡೆಯಲ್ಲಿ ನೀರಿನ ದಾರಿಗಳು ತೆರೆದುಕೊಳ್ಳುತ್ತವೆ. ಹೊರಬಂದ ನೀರನ್ನು ರಕ್ತನಾಳಗಳು ಒಯ್ಯುತ್ತವೆ. ಹೀಗೆ ಮೂತ್ರವು ರಕ್ತಕ್ಕಿಂತ ಸುಮಾರು ನಾಲ್ಕು ಪಟ್ಟು ಸಾಂದ್ರವಾಗಬಲ್ಲದು. ಅದಕ್ಕಿಂತ ಮುಂದೆ ಹೋಗಲು ನಮ್ಮ ಮೂತ್ರಪಿಂಡಕ್ಕೆ ಸಾಧ್ಯವಿಲ್ಲ. ತ್ಯಾಜ್ಯಗಳನ್ನು ಹೊರಹಾಕಲು ದಿನಕ್ಕೆ ಅರ್ಧ ಲೀಟರಿನಷ್ಟಾದರೂ ಮೂತ್ರ ಬೇಕೇ ಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಸಾಮರ್ಥ್ಯ ಆಪತ್ಕಾಲದ ಗಂಟು, ದಿನನಿತ್ಯದ ಖರ್ಚಿಗಲ್ಲ. ಶೌಚಾಲಯಕ್ಕೆ ಹೋಗಬೇಕಾದೀತೆಂಬ ಅಂಜಿಕೆಯಿಂದ ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟದ ಹೆಣ್ಣುಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಗಾಢವಾದ ಮೂತ್ರವನ್ನು ಗಂಟೆಗಟ್ಟಲೆ ತಡೆದುಕೊಳ್ಳುವುದು ಸೋಂಕಿಗೆ ದಾರಿ. ಗಾಢತೆಯೇ ಅಭ್ಯಾಸವಾದರೆ ಕಲ್ಲುಗಳಿಗೂ ದಾರಿ. 2019ರಲ್ಲಿ ಕೇರಳದ ಶಾಲೆಗಳ ಮಾದರಿಯಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿಯನ್ನು ನಮ್ಮ ರಾಜ್ಯವೂ ಕೈಗೆತ್ತಿಕೊಂಡಿತು. ಅದು ಶ್ಲಾಘನೀಯ. ಆದರೆ ಶೌಚಾಲಯಕ್ಕೆ ಬೀಗವಿದ್ದರೆ, ಒಳಗೆ ನೀರಿಲ್ಲದಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ, ಆ ಗಂಟೆಯ ನಾದ ಯಾರಿಗಾಗಿ?

ವಯಸ್ಸಾದಂತೆ ಮೂತ್ರವನ್ನು ಗಾಢಗೊಳಿಸುವ ಶಕ್ತಿ ಕುಂದುತ್ತದೆ, ಬಾಯಾರಿಕೆಯ ಅರಿವೂ ಮಂಕಾಗುತ್ತದೆ. ಆದುದರಿಂದ ಬಂಧುಗಳಲ್ಲಿ ಹಿರಿಯರಾದವರು ದಾಹವಾಗಲಿ ಎಂದು ಕಾಯಬಾರದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಕೂಡದು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಧ್ಯಾಪಕರು, ಕೆಲವರು ಎಸ್‌ಡಿಎಂಸಿ ಸದಸ್ಯರು. ಮುಂದಿನ ಸಭೆಯಲ್ಲಿ ಕಟ್ಟಡಕ್ಕೆ ಬಣ್ಣ ಬಳಿಸುವ ಮಾತು ಬಂದಾಗ, ಮೊದಲು ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಿರಿ.