ಹಿರಿಯರಿಗೂ ಒಂದು ಲಸಿಕೆ

ಜಯಮಂಗಲಿ ನದಿಯು ಪಿನಾಕಿನಿಯನ್ನು ಕೂಡುವ, ಆಂಧ್ರದ ಪರಿಗಿಯ ಸೀಮೆಯಲ್ಲಿ ನಾಗನ ವಿಷಯವಾದ ಭಯಭಕ್ತಿಗಳು ಬಹು ಪುರಾತನವಾದುವು. ಒಂದು ದಿಕ್ಕಿಗೆ ಲೇಪಾಕ್ಷಿ; ಅಲ್ಲಿ ಏಳು ಹೆಡೆಗಳನ್ನು ಬಿಚ್ಚಿ ಲಿಂಗವನ್ನು ಬಳಸಿ ಕುಳಿತ ಏಕಶಿಲೆಯ ಮಹಾನಾಗ. ಇನ್ನೊಂದು ದಿಕ್ಕಿಗೆ, ರಾಜ್ಯದ ಗಡಿಯನ್ನು ದಾಟಿದೊಡನೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ಅಲ್ಲಿ ಸಂತಾನಾಪೇಕ್ಷಿಗಳೂ ಸರ್ಪದೋಷದ ಪರಿಹಾರವನ್ನು ಬಯಸಿದವರೂ ತಲೆಮಾರುಗಳಿಂದ ಪ್ರತಿಷ್ಠಿಸುತ್ತ ಬಂದ ಅಸಂಖ್ಯಾತ ನಾಗರಕಲ್ಲುಗಳು. ಇಂಥ ನೆಲದಲ್ಲಿ ಅರುವತ್ತು ದಾಟಿದ ಒಬ್ಬರ ಪಕ್ಕೆಯಲ್ಲಿ ಅಕಾರಣವಾಗಿ ಉರಿಯೆದ್ದು, ಎರಡು ಮೂರು ದಿನಗಳೊಳಗಾಗಿ ನೀರ್ಗುಳ್ಳೆಗಳು ಬೆನ್ನಿನಿಂದ ಎದೆಯ ಕಡೆಗೆ ಸಾಲುಗಟ್ಟಿ ಹಬ್ಬಿದರೆ, ಅದು ಸರ್ಪಸುತ್ತೆಂದೂ, ಎಂದೋ ಹಾವಿಗೆ ಎಸಗಿದ ಅಪಚಾರದ ಫಲವೆಂದೂ ಮನೆಯ ಹಿರಿಯರು ನಿಶ್ಚಯಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಮ್ಮಣ್ಣನ್ನು ಕಲಸಿ ಬಳಿಯುತ್ತಾರೆ, ಮಂತ್ರ ಹಾಕಿಸುತ್ತಾರೆ, ಸುತ್ತು ಪೂರ್ತಿಯಾಗಿ ತಲೆಯೂ ಬಾಲವೂ ಒಂದನ್ನೊಂದು ಮುಟ್ಟಿದರೆ ಪ್ರಾಣ ಉಳಿಯದೆಂಬ ಭೀತಿಯಲ್ಲಿ ಗುಳ್ಳೆಗಳ ಮುನ್ನಡೆಯನ್ನು ದಿನವೂ ಅಳೆಯುತ್ತ ಕೂರುತ್ತಾರೆ.

ಈ ವ್ಯಾಧಿಯ ಮೂಲವಿರುವುದು ರೋಗಿಯ ಬಾಲ್ಯದಲ್ಲಿ. ಐದಾರರ ಪ್ರಾಯದಲ್ಲಿ ಅಮ್ಮ ಬಂದಳೆಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ತಂಪು ಮಾಡಿ, ತಲೆಗೆ ನೀರೆರೆದು ಸಾಗಹಾಕಿದೆವೆಂದು ತಾಯಿ ಸಮಾಧಾನಪಟ್ಟ ಆ ಸೀತಾಳೆ ಸಿಡುಬಿನ ವೈರಾಣು ದೇಹವನ್ನು ಬಿಟ್ಟು ಹೋಗಿರುವುದೇ ಇಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿರುವ ನರಗ್ರಂಥಿಗಳಲ್ಲಿ ಅದು ಐವತ್ತು ವರ್ಷಕ್ಕೂ ಮೀರಿ ನಿಶ್ಚೇಷ್ಟವಾಗಿ ಅಡಗಿದ್ದು, ವಾರ್ಧಕ್ಯದಿಂದಲೋ, ಮಧುಮೇಹದಿಂದಲೋ, ಅರ್ಬುದದ ಚಿಕಿತ್ಸೆಯಿಂದಲೋ ನಿರೋಧಶಕ್ತಿ ಕುಂದಿದ ಕಾಲವನ್ನು ನೋಡಿ, ಒಂದು ನರದ ಹಾದಿಯನ್ನು ಹಿಡಿದು ಚರ್ಮಕ್ಕೆ ಬರುತ್ತದೆ. ಪ್ರತಿಯೊಂದು ನರವೂ ಮೈಯ ಒಂದು ಪಾರ್ಶ್ವಕ್ಕೆ ಮಾತ್ರ ಸೇರಿದ್ದಾದುದರಿಂದ ಗುಳ್ಳೆಗಳ ಪಟ್ಟಿಯು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ತಲೆಯೂ ಬಾಲವೂ ಕೂಡುವ ಸಂಭವ ಇಲ್ಲವೆಂದೇ ಹೇಳಬಹುದು. ಈ ಒಂದು ಸಂಗತಿಯನ್ನು ತಿಳಿಸಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಭಯ ಇಳಿದೀತು. ಇದನ್ನೆಲ್ಲ ಮನದಟ್ಟು ಮಾಡಿಕೊಟ್ಟವರಲ್ಲಿ ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯರಾದ ಎಡ್ಗರ್ ಹೋಪ್ ಸಿಂಪ್ಸನ್ ಅಗ್ರಗಣ್ಯರು. 1947ರಿಂದ 1962ರವರೆಗೆ ತಮ್ಮ ಚಿಕಿತ್ಸೆಗೆ ಬಂದ 192 ಪ್ರಕರಣಗಳನ್ನು ತಾಳ್ಮೆಯಿಂದ ಬರೆದಿಟ್ಟು, 1965ರಲ್ಲಿ ಅವನ್ನು ಪ್ರಕಟಿಸಿ, ಎಂಬತ್ತೈದರವರೆಗೆ ಬದುಕುವವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಒಮ್ಮೆಯಾದರೂ ಈ ವ್ಯಾಧಿಗೆ ತುತ್ತಾಗುವರೆಂದು ಲೆಕ್ಕ ಹಾಕಿದವರು ಅವರು. ಒಬ್ಬ ಊರವೈದ್ಯರ ದಫ್ತರವು ಲೋಕಕ್ಕೆ ಇಷ್ಟನ್ನು ಕಲಿಸಿತೆಂಬುದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತರುಣ ವೈದ್ಯರು ನೆನಪಿಡತಕ್ಕದ್ದು.

ಸರ್ಪಸುತ್ತು ಪ್ರಾಣವನ್ನು ತೆಗೆಯುವುದು ಅಪರೂಪ. ಬಾಳಿನ ನೆಮ್ಮದಿಯನ್ನು ತೆಗೆಯುವುದು ಅಪರೂಪವಲ್ಲ. ಗುಳ್ಳೆಗಳು ಎರಡು ಮೂರು ವಾರಗಳಲ್ಲಿ ಒಣಗಿ ಹೊಪ್ಪಳೆ ಉದುರಿದ ಮೇಲೆಯೂ, ನರವು ಜರ್ಝರಿತವಾದವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಗೂಡು ಒಯ್ಯುವ ಒಂದು ರೇಷ್ಮೆಯ ಮನೆಯನ್ನು ಕಲ್ಪಿಸಿಕೊಳ್ಳಿರಿ. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ರೆ, ಕಳೆದು ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಬೇಡುತ್ತದೆ; ಸೊಪ್ಪು ತರುವವರಲ್ಲಿ, ಹಾಸುವವರಲ್ಲಿ, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವವರಲ್ಲಿ ಆ ಮನೆಯ ಅಜ್ಜಿಯೂ ಒಬ್ಬಳು. ಆ ಅಜ್ಜಿಗೆ ಈಗ ರವಿಕೆಯ ಅಂಚು ಪಕ್ಕೆಗೆ ತಾಗಿದರೆ ಕೆಂಡ ಸೋಕಿದ ನೋವು. ಫ್ಯಾನಿನ ಗಾಳಿಯೂ ಸಹಿಸದು. ಬಲಗೈಯನ್ನು ಮೇಲೆತ್ತಿ ಸೊಪ್ಪಿನ ಮಂಕರಿಯನ್ನು ಇಳಿಸಲಾರಳು. ಹೊರಗೆ ಹುಣ್ಣು ಕಾಣದಾದುದರಿಂದ, ನೋವಿದೆಯೆಂದರೆ ಮನೆಯವರಿಗೇ ಪೂರ್ತಿ ನಂಬಿಕೆ ಬಾರದು. ಇದಕ್ಕಿಂತ ಹೆಚ್ಚಿನ ಏಕಾಕಿತನವನ್ನು ನಾನು ಊಹಿಸಲಾರೆ.

ಗುಳ್ಳೆ ಕಂಡ 72 ಗಂಟೆಗಳೊಳಗೆ ಅಸೈಕ್ಲೋವಿರ್ ಮಾತ್ರೆಯನ್ನು ಆರಂಭಿಸಿದರೆ ರೋಗದ ಉಗ್ರತೆ ತಗ್ಗುತ್ತದೆ. ಕೆಮ್ಮಣ್ಣಿನಲ್ಲಿ ಕಳೆದುಹೋಗುವುದು ಹೆಚ್ಚಾಗಿ ಈ ಮೂರು ದಿನಗಳೇ. ಹಣೆಯ ಮೇಲೆಯೋ, ಮುಖ್ಯವಾಗಿ ಮೂಗಿನ ತುದಿಯಲ್ಲಿಯೋ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವಿದೆಯೆಂದು ತಿಳಿದು ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಓಡಬೇಕು. ವಿದುರಾಶ್ವತ್ಥಕ್ಕೆ ಹೋಗಿ ನಾಗನಿಗೆ ಹಾಲೆರೆಯುವುದಕ್ಕೆ ಯಾರ ಆಕ್ಷೇಪಣೆಯೂ ಬೇಡ. ದಾರಿಯಲ್ಲಿ ಆಸ್ಪತ್ರೆಗೆ ಮೊದಲು ಹೋಗಿ ಬರಲಿ ಎಂಬುದಷ್ಟೇ ಪ್ರಾರ್ಥನೆ.

ಆದರೆ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ತಡೆಯುವ ಉಪಾಯವೇ ಈಗ ಲಭ್ಯವಿರುವಾಗ, ಅದರ ಮಾತನ್ನೇ ನಾವು ಆಡದಿರುವುದು ಸರಿಯಲ್ಲ. ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಹಿಂದಿನ ಲಸಿಕೆ ಅರ್ಧದಷ್ಟು ಮಾತ್ರ ಫಲ ಕೊಡುತ್ತಿತ್ತು. ಅನಂತರ ಬಂದ ಶಿಂಗ್ರಿಕ್ಸ್ ಎಂಬುದರಲ್ಲಿ ಜೀವಂತ ವೈರಾಣುವಿಲ್ಲ. ವೈರಾಣುವಿನ ಒಂದು ಪ್ರೋಟೀನು ಮಾತ್ರ ಇದ್ದು, ದೇಹದ ಎಚ್ಚರವನ್ನು ಹೆಚ್ಚಿಸುವ ಸಹಾಯಕ ದ್ರವ್ಯವೊಂದನ್ನು ಅದರೊಡನೆ ಬೆರೆಸಿರುತ್ತಾರೆ. ಆ ದ್ರವ್ಯದ ಒಂದಂಶವನ್ನು, ನಮ್ಮ ಅಂಟುವಾಳದಂತೆ ನೊರೆ ಕೊಡುವ ಚಿಲಿ ದೇಶದ ಮರವೊಂದರ ತೊಗಟೆಯಿಂದ ತೆಗೆಯುತ್ತಾರೆಂಬುದು ಕುತೂಹಲಕರವಾದ ಸಂಗತಿ. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಐವತ್ತು ದಾಟಿದವರಿಗೆ ಶೇಕಡಾ 97ರಷ್ಟು, ಮರುವರ್ಷ ಪ್ರಕಟವಾದುದರಲ್ಲಿ ಎಪ್ಪತ್ತು ದಾಟಿದವರಿಗೆ ಶೇಕಡಾ 90ರಷ್ಟು ರಕ್ಷಣೆ ಇದರಿಂದ ಲಭಿಸಿತು. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸೂಜಿ. ತೋಳುನೋವು, ಮೈಕೈ ನೋವು, ಒಂದೆರಡು ದಿನದ ಜ್ವರ ಹಲವರಿಗೆ ಬರುವುದುಂಟು. ನರಗಳ ದೌರ್ಬಲ್ಯವನ್ನುಂಟುಮಾಡುವ ತೀವ್ರ ತೊಂದರೆ ಅತಿ ವಿರಳವಾಗಿ ವರದಿಯಾಗಿದೆ, ಅದನ್ನೂ ಮುಚ್ಚಿಡಬೇಕಾಗಿಲ್ಲ. 2023ರಲ್ಲಿ ಈ ಲಸಿಕೆ ಭಾರತಕ್ಕೂ ಬಂದಿತು.

ಬಂದಿತು, ಆದರೆ ಪರಿಗಿಯವರೆಗೆ ಬರಲಿಲ್ಲ. ಒಂದು ಸೂಜಿಯ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಎರಡಕ್ಕೆ ಇಪ್ಪತ್ತು ಸಾವಿರ. ಆಂಧ್ರ ಸರ್ಕಾರ 2024ರ ಜುಲೈಯಿಂದ ಕೊಡುತ್ತಿರುವ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 4000 ರೂಪಾಯಿ. ಐದು ತಿಂಗಳು ಅನ್ನವನ್ನೂ ಮಾತ್ರೆಯನ್ನೂ ಬಿಟ್ಟರಷ್ಟೇ ಅಜ್ಜಿಗೆ ಈ ರಕ್ಷೆ ದೊರೆಯುತ್ತದೆ. ಎಪ್ಪತ್ತು ದಾಟಿದವರಿಗೆ ಐದು ಲಕ್ಷದವರೆಗೆ ಚಿಕಿತ್ಸೆಯ ವೆಚ್ಚವನ್ನು ಭರಿಸುವ ಆಯುಷ್ಮಾನ್ ಯೋಜನೆಯಿದೆ. ಅದು ಆಸ್ಪತ್ರೆಗೆ ಸೇರಿದವರಿಗೆ, ಸೇರದಂತೆ ತಡೆಯುವ ಸೂಜಿಗಲ್ಲ. ಆರು ವಾರದ ಮೊಮ್ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಲಸಿಕೆಯ ದಿನ ಅಂಗನವಾಡಿಗೆ ಬರುವವಳು ಬಹುಪಾಲು ಅಜ್ಜಿಯೇ; ಮಗುವಿನ ಕಾರ್ಡಿನಲ್ಲಿ ಸಾಲುಸಾಲಾಗಿ ಗುರುತು ಬೀಳುತ್ತದೆ, ಅವಳ ಹೆಸರಿನಲ್ಲಿ ಕಾರ್ಡೇ ಇಲ್ಲ. 1985ರಲ್ಲಿ ಆರಂಭವಾದ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಶಿಶುಗಳನ್ನೂ ಗರ್ಭಿಣಿಯರನ್ನೂ ಕಾಪಾಡಿದುದು ಸಾಮಾನ್ಯ ಸಾಧನೆಯಲ್ಲ. ಆಯುಸ್ಸು ಹೆಚ್ಚಿದ ಈ ಕಾಲದಲ್ಲಿ ವೃದ್ಧರಿಗೂ ಅದರ ಬಾಗಿಲು ತೆರೆಯಬೇಕೆಂದು ಕೇಳುವುದು ದುರಾಶೆಯೂ ಅಲ್ಲ. ಬ್ರಿಟನ್ನಿನಲ್ಲಿ ಸರ್ಪಸುತ್ತಿನ ಲಸಿಕೆಯನ್ನು 2013ರಿಂದಲೂ, ಆಸ್ಟ್ರೇಲಿಯದಲ್ಲಿ ಈ ಹೊಸ ಲಸಿಕೆಯನ್ನು 2023ರ ನವೆಂಬರಿನಿಂದಲೂ ಹಿರಿಯರಿಗೆ ಉಚಿತವಾಗಿ ಹಾಕುತ್ತಿದ್ದಾರೆ. ವೇಲ್ಸ್ ಪ್ರಾಂತದ ದಾಖಲೆಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಹಳೆಯ ಲಸಿಕೆಯನ್ನು ಪಡೆದವರಲ್ಲಿ ಏಳು ವರ್ಷಗಳ ಅವಧಿಯಲ್ಲಿ ಮರೆವಿನ ರೋಗವೂ ಐದರಲ್ಲೊಂದು ಪಾಲಿನಷ್ಟು ಕಡಮೆಯಾದುದನ್ನು ತೋರಿಸಿದೆ.

ಬಡದೇಶಕ್ಕೆ ಇಷ್ಟು ಬೆಲೆಯ ಮದ್ದು ಹೇಗೆ ಸಾಧ್ಯವೆಂದು ಕೇಳುವವರಿಗೆ ತೆಲುಗುನಾಡಿನಲ್ಲಿಯೇ ಉತ್ತರವಿದೆ. ಹೆಪಟೈಟಿಸ್ ಬಿ ಲಸಿಕೆಯು ಹೊರದೇಶದಿಂದ ಬರುತ್ತಿದ್ದಾಗ ಅದು ಶ್ರೀಮಂತರ ಸೊತ್ತಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯವರು ಅದನ್ನು ಇಲ್ಲಿಯೇ ತಯಾರಿಸಿದೊಡನೆ ಬೆಲೆ ಕುಸಿಯಿತು. ಮುಂದೆ ಅದೇ ಲಸಿಕೆ ದೇಶದ ಶಿಶುಗಳಿಗೆಲ್ಲ ಉಚಿತವಾಯಿತು. ಸರ್ಕಾರವು ಖರೀದಿಯ ಭರವಸೆ ಕೊಟ್ಟು, ದೇಶೀಯ ತಯಾರಿಕೆಗೆ ಪ್ರೋತ್ಸಾಹ ಕೊಟ್ಟರೆ ಸರ್ಪಸುತ್ತಿನ ಲಸಿಕೆಯೂ ಆ ದಾರಿಯನ್ನೇ ಹಿಡಿಯಬಲ್ಲುದು.

ಅದಾಗುವವರೆಗೆ, ಬೆಂಗಳೂರಿನಲ್ಲಿ ಸಂಪಾದಿಸುತ್ತಿರುವ ಮಕ್ಕಳು, ಶಕ್ತಿಯಿದ್ದರೆ, ಹಬ್ಬಕ್ಕೆ ತಂದೆತಾಯಿಗಳಿಗೆ ಕೊಡುವ ಉಡುಗೊರೆಯಲ್ಲಿ ಈ ಎರಡು ಸೂಜಿಗಳನ್ನು ಸೇರಿಸಲಿ. ಮಧುಮೇಹವಿರುವ ತಾಯಿಯಾದರೆ ತಡಮಾಡುವುದು ಬೇಡ. ಸರ್ಕಾರದ ಪಾಲಿನ ಕೆಲಸಕ್ಕೆ ಹೊಸ ಸಿದ್ಧತೆಯೂ ಬೇಕಾಗಿಲ್ಲ. ಗ್ರಾಮ ಸಚಿವಾಲಯದ ಸಿಬ್ಬಂದಿ ಪ್ರತಿ ತಿಂಗಳ ಒಂದನೆಯ ತಾರೀಕು ಪಿಂಚಣಿಯ ಹಣವನ್ನು ಹಿಡಿದು ಮನೆಮನೆಯ ಬಾಗಿಲಿಗೆ ಹೋಗುತ್ತಾರೆ. ಯಾವ ಕೇರಿಯಲ್ಲಿ ಎಷ್ಟು ವಯಸ್ಸಿನ ಯಾರಿದ್ದಾರೆಂಬುದು ಅವರ ಪಟ್ಟಿಯಲ್ಲಿಯೇ ಇದೆ. ಆ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಗುಳ್ಳೆ ಕಂಡರೆ ಮೂರು ದಿನದೊಳಗೆ ಆಸ್ಪತ್ರೆಗೆ ಬನ್ನಿರೆಂಬ ಒಂದು ಚೀಟಿಯನ್ನು, ಮನೆಯೊಳಗೆ ಕನ್ನಡವಾಡುವ ಈ ಗಡಿಯ ಹಳ್ಳಿಗಳಲ್ಲಿ ತೆಲುಗಿನ ಜೊತೆಗೆ ಕನ್ನಡದಲ್ಲಿಯೂ ಅಚ್ಚುಮಾಡಿಸಿ, ಬರುವ ತಿಂಗಳ ಪಿಂಚಣಿಯೊಡನೆಯೇ ಕೊಡಬಹುದು. ಲಸಿಕೆ ಕೈಗೆಟುಕಿದ ದಿನ, ಅರುವತ್ತೈದು ದಾಟಿದ ಮಧುಮೇಹಿಗಳಿಂದ ಮೊದಲುಗೊಂಡು, ಅದೇ ಪಟ್ಟಿಯನ್ನು ಹಿಡಿದು ಅವರನ್ನು ಕರೆಯಬಹುದು.