ಸಾಮಾನಿಗೊಂದು ಲಿಫ್ಟು, ಮನುಷ್ಯರಿಗೊಂದು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಲಿಫ್ಟುಗಳಿವೆ. ಒಂದರೊಳಗೆ ಕನ್ನಡಿ, ಫ್ಯಾನು, ಹೊಳೆಯೋ ಸ್ಟೀಲಿನ ಹಿಡಿಕೆ. ಇನ್ನೊಂದರ ಗೋಡೆಗೆ ಹಲಗೆ ಹೊಡೆದಿದ್ದಾರೆ, ಒಳಗೆ ಯಾವಾಗಲೂ ಫಿನಾಯಿಲ್ ವಾಸನೆ. ಕನ್ನಡಿಯಿರೋ ಲಿಫ್ಟಿನ ಪಕ್ಕ ಒಂದು ಬೋರ್ಡು: "ಮನೆಗೆಲಸದವರು, ಡೆಲಿವರಿಯವರು, ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಸಿಬ್ಬಂದಿ ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು." ಇಂಗ್ಲಿಷಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಅಬ್ಬಾ, ವೈಟ್‌ಫೀಲ್ಡಿನಲ್ಲಿ ಕನ್ನಡ ಬೋರ್ಡು ಅಂತ ಖುಷಿಪಡೋಣ ಅಂದ್ರೆ, ಅದನ್ನ ಯಾರು ಓದಲಿ ಅಂತ ಹಾಕಿದ್ದಾರೆ ಅನ್ನೋದು ಹೊಳೆದು ಖುಷಿ ಇಳಿದು ಹೋಗತ್ತೆ.

ಒಂದೂವರೆ ವರ್ಷ ಈ ಬೋರ್ಡಿನ ಪಕ್ಕದಲ್ಲೇ ನಿಂತು ಲಿಫ್ಟಿಗೆ ಕಾದಿದ್ದೀನಿ. ಓದಿರಲಿಲ್ಲ ಅಂತಲ್ಲ. ಓದಿದ್ದೆ, ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಹೋದ ತಿಂಗಳು. ಅದನ್ನ ಹೇಳೋಕೆ ಮುಂಚೆ ನನ್ನ ಊರಿನ ಕಥೆ ಸ್ವಲ್ಪ ಹೇಳಬೇಕು.

ನನ್ನೂರು ಕೋರಮಂಡಲ್. ಹಾಗಂದ್ರೆ ಎಲ್ಲರೂ ಚೆನ್ನೈ ಕಡೆಯ ಸಮುದ್ರತೀರ ಅಂದುಕೊಳ್ತಾರೆ, ಇಲ್ಲಾ ಹೌರಾದ ರೈಲು. ಎರಡೂ ಅಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗೋ ಲೈನಿನಲ್ಲಿರೋ ಒಂದು ಚಿಕ್ಕ ಸ್ಟೇಷನ್ನು. "ಕೆಜಿಎಫ್" ಅಂದ್ರೆ ಅರ್ಥ ಆಗತ್ತೆ. 2018ರಲ್ಲಿ ಆ ಸಿನಿಮಾ ಬಂದ ಮೇಲಂತೂ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. "ಓ, ರಾಕಿ ಭಾಯ್ ಊರಾ?" ಅಂತಾರೆ. ಹೌದು, ಪಕ್ಕದ ಮನೆ ಅಂತೀನಿ :-)

ನಿಜವಾಗಿ ಪಕ್ಕದ ಮನೆಯಲ್ಲಿದ್ದಿದ್ದು ಮಾಮ. ಸಂಬಂಧದಲ್ಲಿ ಮಾಮ ಅಲ್ಲ. ಅವರ ಮನೆಮಾತು ತಮಿಳು, ನಮ್ಮದು ಕನ್ನಡ. ನಮ್ಮಪ್ಪ ಮತ್ತು ಮಾಮ ಒಂದೇ ಗಣಿಯಲ್ಲಿ, ಒಂದೇ ಶಿಫ್ಟಿನಲ್ಲಿ ನೆಲದೊಳಗೆ ಇಳಿದವರು. ಗಣಿಯವರ ಲೈನ್ ಮನೆ ನೋಡಿದವರಿಗೆ ಗೊತ್ತಿರತ್ತೆ, ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿರೋ ಚಿಕ್ಕ ಚಿಕ್ಕ ಮನೆಗಳು. ನಡುವೆ ಒಂದೇ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಅಮ್ಮ "ಕಷಾಯ ಮಾಡಿಕೊಡ್ಲಾ?" ಅಂತ ಕೂಗ್ತಿದ್ರು.

ನಿಲ್ಲಿ, ಇದು "ಆ ಕಾಲ ಎಷ್ಟು ಚೆಂದ ಇತ್ತು" ಅನ್ನೋ ಬರಹ ಅಲ್ಲ. ಆ ಮನೆಗಳು ಚೆಂದ ಇರಲಿಲ್ಲ. ಕಕ್ಕಸಿಗೆ ಬೀದಿ ಕೊನೆಗೆ ಹೋಗಿ ಸಾಲು ನಿಲ್ಲಬೇಕಿತ್ತು. ಮಳೆಗಾಲದಲ್ಲಿ ಮನೆಯೊಳಗೆ ಪಾತ್ರೆ ಇಟ್ಟು ಮಲಗಬೇಕಿತ್ತು. ಬೇಸಿಗೆ ಗಾಳಿಗೆ ಸಯನೈಡ್ ದಿಬ್ಬದ ದೂಳು ಬಂದು ತಟ್ಟೆಯ ಮೇಲೆ ಕೂರ್ತಿತ್ತು. ಅಲ್ಲಿಂದ ಹೊರಗೆ ಹೋಗಬೇಕು ಅಂತಲೇ ನಾನು ಓದಿದ್ದು. ಇವತ್ತು ನನಗೆ ಅಂಟಿಕೊಂಡೇ ಬಾತ್ರೂಮಿರೋ ರೂಮು ಇದೆ. ಅದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಗ ನನಗೆ ಇನ್ನೂ ಶಾಲೆಗೆ ಸೇರೋ ವಯಸ್ಸಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಲೆಕ್ಕ ಹಾಕಿದರೆ ನೂರಿಪ್ಪತ್ತು ವರ್ಷ. ಊರಿನ ಗಂಡಸರಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅದು ಹೋಯ್ತು. ಉಳಿದದ್ದು ರೈಲು. 1894ರಲ್ಲಿ ಗಣಿಗೋಸ್ಕರ ಹಾಕಿದ ರೈಲು ಹಳಿಯ ಮೇಲೆ ಈಗ ಗಣಿಯವರ ಮಕ್ಕಳು ಬೆಳಗಿನ ಜಾವ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ. ಮಾಲೂರು ದಾಟೋ ಹೊತ್ತಿಗೆ ಬೋಗಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿಂತುಕೊಂಡೇ ನಿದ್ದೆ ಮಾಡೋರು, ಇಸ್ಪೀಟು ಆಡೋರು, ಹೂ ಕಟ್ಟೋರು. ಬಟ್ಟೆ ಅಂಗಡಿ, ಗಾರ್ಮೆಂಟ್ಸು, ಆಸ್ಪತ್ರೆ, ಐಟಿ ಪಾರ್ಕು, ಎಲ್ಲದಕ್ಕೂ ಜನ ಆ ರೈಲಿನಿಂದಲೇ ಇಳೀತಾರೆ. ಅಪಾರ್ಟ್‌ಮೆಂಟಿನ ಗೇಟುಗಳಿಗೂ.

ನಮ್ಮ ಗೇಟಿನಲ್ಲಿರೋದು ಮಾಮ.

ಈ ಮನೆ ಹುಡುಕಿಕೊಟ್ಟಿದ್ದೇ ಅವರು. "ನಮ್ ಬಿಲ್ಡಿಂಗಲ್ಲಿ ಎರಡು ಬೆಡ್‌ರೂಮಿಂದು ಖಾಲಿ ಐತೆ ಪಾಪ, ಬ್ರೋಕರ್‌ಗೆ ಯಾಕೆ ಒಂದು ತಿಂಗಳ ಬಾಡಿಗೆ ಕೊಡ್ತೀಯ" ಅಂತ ಫೋನ್ ಮಾಡಿದ್ರು. ನಾವು ಮೂರು ಜನ ಹುಡುಗೀರು ಸೇರಿ ಬಾಡಿಗೆಗೆ ತಗೊಂಡ್ವಿ. ಸಾಮಾನು ತಂದ ದಿನ ಮಾಮ ನನ್ನನ್ನ ಗೇಟಿನ ಪಕ್ಕ ಕರೆದು ಮೆಲ್ಲಗೆ ಹೇಳಿದ್ರು, "ಇಲ್ಲಿ ನಾನು ನಿಂಗೆ ಪರಿಚಯ ಅಂತ ಯಾರಿಗೂ ಹೇಳಬೇಡ. ನಿಂಗೆ ಮರ್ಯಾದೆ ಅಲ್ಲ." ಅವತ್ತಿನಿಂದ ಊರಿನಲ್ಲಿ ನಾನು "ಪಾಪ", ಗೇಟಿನಲ್ಲಿ "ಗುಡ್ ಮಾರ್ನಿಂಗ್ ಮೇಡಂ". ನಾನು ಬೇಡ ಅನ್ನಲಿಲ್ಲ. ಹೂಂ ಅಂದೆ. ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೀನಿ.

ಅಪಾರ್ಟ್‌ಮೆಂಟಿನ ದಿನಗಳು ಹೆಂಗಿರತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಬಾಗಿಲ ಹಿಡಿಕೆಯ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು. ಒಂಬತ್ತು ಗಂಟೆಗೆ ನಾಲ್ಕೂ ಮನೆಯ ಕುಕ್ಕರ್ ಒಂದರ ಹಿಂದೆ ಒಂದು ಕೂಗತ್ತೆ. ರಾತ್ರಿ ಹನ್ನೊಂದಕ್ಕೆ ಮೇಲಿನ ಮನೆಯಲ್ಲಿ ಯಾರೋ ಗೋಲಿ ಬೀಳಿಸ್ತಾರೆ. ಮೇಲಿನವರ ಮುಖ ನೋಡಿಲ್ಲ, ಗೋಲಿಯ ಸದ್ದು ಮಾತ್ರ ಗೊತ್ತು. ಬಾಲ್ಕನಿಯಲ್ಲಿ ಕಾಣೋ ಹಾಗೆ ಬಟ್ಟೆ ಒಣಗಿಸಬಾರದು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಸಮೇತ ನೋಟೀಸು. ಯಾರು ಬಂದರೂ ಮೊಬೈಲ್ ಆ್ಯಪಿನಲ್ಲಿ ಒಪ್ಪಿಗೆ ಒತ್ತಬೇಕು. ಒಂದು ಸಲ ಅಮ್ಮ ಬಂದಾಗ ಮಾಮನೇ ಗೇಟಿನಲ್ಲಿದ್ರು. ಇಪ್ಪತ್ತೈದು ವರ್ಷ ಪಕ್ಕದ ಮನೆಯಲ್ಲಿದ್ದ ಹೆಂಗಸಿನ ಫೋಟೊ ತೆಗೆದು "ಗೆಸ್ಟ್" ಅಂತ ಹಾಕಬೇಕಾಯ್ತು. ಇಬ್ಬರಿಗೂ ನಗು ತಡೆಯೋಕಾಗ್ಲಿಲ್ಲವಂತೆ. "ಅಕ್ಕ, ಕ್ಯಾಮೆರಾ ನೋಡು" ಅಂದ್ರಂತೆ ಮಾಮ.

ಮನೆಗೆಲಸಕ್ಕೆ ಬರೋರದ್ದು ನಗೋ ವಿಷಯ ಅಲ್ಲ. ಫೋಟೊ, ಗುರುತಿನ ಚೀಟಿ, ಹೋಗುವಾಗ ಬ್ಯಾಗ್ ಬಿಚ್ಚಿ ತೋರಿಸೋದು. 1930ರಲ್ಲಿ ಕೆಜಿಎಫ್‌ನಲ್ಲಿ ಗಣಿ ಕಂಪನಿಗಳು ಎಲ್ಲ ಕಾರ್ಮಿಕರ ಬೆರಳಚ್ಚು ತಗೊಳ್ತೀವಿ ಅಂತ ಹೊರಟಾಗ, ನಾವೇನು ಕಳ್ಳರಾ ಅನ್ನಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿ ಮೂರು ವಾರ ಮುಷ್ಕರ ಮಾಡಿದ್ದರು. ನಮ್ಮ ಗೇಟಿನಲ್ಲಿ ಬ್ಯಾಗ್ ಬಿಚ್ಚೋ ಹೆಂಗಸು ಒಬ್ಬಳೇ. ಮುಷ್ಕರ ಮಾಡಿದರೆ ನಾಳೆ ಇನ್ನೊಬ್ಬಳು ಬರ್ತಾಳೆ.

ಈಗ ಹೋದ ತಿಂಗಳ ವಿಷಯ. ಒಂದು ಶನಿವಾರ ಸರ್ವಿಸ್ ಲಿಫ್ಟು ಕೆಟ್ಟಿತ್ತು. ನಾನು ಅಂಗಡಿಯಿಂದ ಬಂದು ಕನ್ನಡಿ ಲಿಫ್ಟು ಹತ್ತಿದೆ. ಮಾಮನೂ ಹತ್ತಿದ್ರು. ಎರಡೂ ಕೈಯಲ್ಲಿ ಒಂಬತ್ತನೇ ಮಹಡಿಯ ಅಜ್ಜಿಯೊಬ್ಬರ ಸಾಮಾನಿನ ಚೀಲ. ಅಜ್ಜಿ ಆಟೋದಿಂದ ಇಳಿದು ನಿಧಾನಕ್ಕೆ ಬರ್ತಿದ್ರು, ಅವರ ಚೀಲ ಮೊದಲೇ ಮನೆ ಬಾಗಿಲಿಗೆ ಇಡೋಣ ಅಂತ. ಬೇಸ್‌ಮೆಂಟಿನಿಂದ ಬಂದ ಒಬ್ಬರು ಆಗಲೇ ಒಳಗಿದ್ರು. ಮಾಮನನ್ನ ಮೇಲಿಂದ ಕೆಳಗೆ ನೋಡಿ, "ಬೋರ್ಡ್ ಹಾಕಿರೋದು ಯಾಕೆ? ನಿಮ್ಮಂಥೋರೇ ರೂಲ್ಸ್ ಮುರಿದ್ರೆ?" ಅಂದ್ರು. ಜೋರಾಗೇನೂ ಅಲ್ಲ, ಸಮಾಧಾನವಾಗೇ ಹೇಳಿದ್ರು. ಮಾಮ "ಸಾರಿ ಸರ್" ಅಂದು ಮೂರನೇ ಮಹಡಿಯಲ್ಲಿ ಇಳಿದುಬಿಟ್ರು. ಅಲ್ಲಿಂದ ಒಂಬತ್ತಕ್ಕೆ ಆರು ಮಹಡಿ. ವಯಸ್ಸು ಅರವತ್ತರ ಹತ್ತಿರ. ಎದೆಯೊಳಗೆ ಗಣಿಯ ದೂಳು.

ನಾನು ಏನು ಮಾಡ್ತಿದ್ದೆ ಗೊತ್ತಾ? ಮೊಬೈಲ್ ನೋಡ್ತಿದ್ದೆ. ಅದರಲ್ಲಿ ಏನೂ ಇರಲಿಲ್ಲ, ಲಿಫ್ಟಿನೊಳಗೆ ಸಿಗ್ನಲ್ಲೇ ಬರಲ್ಲ.

ನಮ್ಮಪ್ಪನಿಗೆ ಕೊನೆಗಾಲದಲ್ಲಿ ಉಸಿರು ಕಟ್ಟಿದ ರಾತ್ರಿ ಆಟೋ ಬರೋ ರಸ್ತೆಯವರೆಗೆ ಬೆನ್ನ ಮೇಲೆ ಹೊತ್ತುಕೊಂಡು ಹೋದದ್ದು ಇದೇ ಮಾಮ.

ಆ ಭಾನುವಾರ ಊರಿಗೆ ಹೋದೆ. ಅಮ್ಮನಿಗೆ ಹೇಳಿದೆ. ಅಮ್ಮ ಬೈಯ್ಯಲಿಲ್ಲ. ಅವರೆಕಾಯಿ ಬಿಡಿಸ್ತಾ ಒಂದೇ ಮಾತು ಕೇಳಿದ್ರು, "ಕೇಜಲ್ಲಿ ಎಲ್ರೂ ಒಟ್ಟಿಗೇ ಇಳೀತಿದ್ರಲ್ವಾ?"

ಕೇಜು ಅಂದ್ರೆ ಗಣಿಯ ಲಿಫ್ಟು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಪ್ಪ ಹೇಳ್ತಿದ್ರು, ಕೇಜಿನೊಳಗೆ ಭುಜಕ್ಕೆ ಭುಜ ಒತ್ತಿಕೊಂಡು ನಿಲ್ಲಬೇಕು, ಯಾರ ಬೆವರು ಯಾರದ್ದು ಅಂತ ಗೊತ್ತಾಗಲ್ಲ, ಕೆಳಗೆ ಹೋದ ಹಾಗೆ ಸೆಕೆ ಏರತ್ತೆ, ಕಿವಿ ಮುಚ್ಚಿಕೊಳ್ಳತ್ತೆ. ಅದಿರು ಮೇಲೆ ತರೋಕೆ ಬೇರೆ ಇತ್ತು, ಅದಕ್ಕೆ ಸ್ಕಿಪ್ ಅಂತಾರೆ. ಅದಿರಿಗೆ ಸ್ಕಿಪ್ಪು, ಮನುಷ್ಯರಿಗೆ ಕೇಜು.

ನನಗೆ ಹೊಳೆದದ್ದು ಇಷ್ಟೇ. ಸಾಮಾನಿಗೊಂದು, ಮನುಷ್ಯರಿಗೊಂದು ಅಂತ ಎರಡು ಲಿಫ್ಟು ಮಾಡಿದರೆ ಅದರಲ್ಲಿ ತಪ್ಪೇನಿಲ್ಲ. ಕಸದ ಡಬ್ಬ, ಸೋಫಾ, ಗ್ಯಾಸ್ ಸಿಲಿಂಡರು, ಸಿಮೆಂಟ್ ಮೂಟೆ, ಎಲ್ಲ ಹಲಗೆ ಹೊಡೆದ ಲಿಫ್ಟಿನಲ್ಲಿ ಹೋಗಲಿ. ಕಸ ನನ್ನ ಕೈಯಲ್ಲಿದ್ದರೆ ನಾನೂ ಅದರಲ್ಲೇ ಹೋಗ್ತೀನಿ. ಆದರೆ ನಮ್ಮ ಬೋರ್ಡು ಕೈಯಲ್ಲಿ ಏನಿದೆ ಅಂತ ಕೇಳಲ್ಲ, ನೀನು ಯಾರು ಅಂತ ಕೇಳತ್ತೆ. ಬರಿಗೈಯಲ್ಲಿ ಬರೋ ಕೆಲಸದಾಕೆ ಆ ಕಡೆ. ಸಾಕಿದ ನಾಯಿ ಹಿಡಿದುಕೊಂಡು ಬರೋ ಮಾಲೀಕರು ಈ ಕಡೆ.

ಬೇರೆಯವರು ಹೇಳೋ ಕಾರಣಗಳೂ ನನಗೆ ಗೊತ್ತು. ಬೆಳಿಗ್ಗೆ ಹೊತ್ತು ರಶ್ ಇರತ್ತೆ ಅಂತಾರೆ. ಸರಿ, ಎರಡೂ ಲಿಫ್ಟು ಎಲ್ಲರಿಗೂ ಬಿಟ್ಟರೆ ರಶ್ ಕಮ್ಮಿಯಾಗಬೇಕಲ್ವಾ? ಶುಚಿತ್ವ ಅಂತಾರೆ. ನಮ್ಮ ಪಾತ್ರೆ ಮುಟ್ಟಿ ತೊಳೆಯೋ, ನಮ್ಮ ಮಕ್ಕಳನ್ನ ಎತ್ತಿಕೊಂಡು ಊಟ ಮಾಡಿಸೋ ಕೈಗೆ ಅಡುಗೆಮನೆಯಲ್ಲಿ ಇಲ್ಲದ ಮೈಲಿಗೆ ಲಿಫ್ಟಿನಲ್ಲಿ ಎಲ್ಲಿಂದ ಬಂತು? ಭದ್ರತೆ ಅಂತಾರೆ. ಭದ್ರತೆಗೆ ಅಂತ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯನಿಂದಲೇ ಭಯ ಅಂದ್ರೆ ಏನು ಹೇಳೋದು?

ನಮ್ಮೂರು ಏನೋ ಸಮಾನತೆಯ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಕೇಜಿನಿಂದ ಮೇಲೆ ಬಂದ ಮೇಲೆ ದೊರೆಗಳು ಅವರ ಬಂಗಲೆಗೆ, ಕ್ಲಬ್ಬಿಗೆ, ಕೂಲಿಯವರು ಲೈನಿಗೆ. ಶಿವನಸಮುದ್ರದಿಂದ 1902ರಲ್ಲೇ ಕೆಜಿಎಫ್‌ಗೆ ಕರೆಂಟು ಬಂತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಹೆಮ್ಮೆಯಿಂದ ಹೇಳ್ಕೊಳ್ತೀವಿ. ಆದರೆ ಆ ಕರೆಂಟು ತಂದದ್ದು ಗಣಿಯ ಯಂತ್ರಗಳಿಗೆ, ಲೈನ್ ಮನೆಯಲ್ಲಿ ಮಕ್ಕಳು ಓದಲಿ ಅಂತಲ್ಲ. ಅವರ ಹತ್ತಿರ ಬ್ರಿಟಿಷರ ಕಾಲ ಅನ್ನೋ ನೆಪ ಇತ್ತು. ನಮ್ಮ ಹತ್ತಿರ ಯಾವ ನೆಪ ಇದೆ?

ಸೋಮವಾರ ರಾತ್ರಿ ಗ್ರೂಪಿನಲ್ಲಿ ಬರೆದೆ. ತುಂಬಾ ಅಳಿಸಿ ತಿದ್ದಿ ನಾಲ್ಕೇ ಸಾಲು. ಸರ್ವಿಸ್ ಲಿಫ್ಟು ಸಾಮಾನಿಗೆ ಅಂತ ಬೋರ್ಡು ಬದಲಾಯಿಸಿ, ಮನುಷ್ಯರ ಪಟ್ಟಿ ತೆಗೀರಿ ಅಂತ. ಕೊನೆಯಲ್ಲಿ, "ಗೇಟಿನಲ್ಲಿರೋರು ನಮ್ಮೂರಿನವರು, ನಮ್ಮಪ್ಪನ ಜೊತೆ ಕೆಲಸ ಮಾಡಿದವರು" ಅಂತ ಸೇರಿಸಿದೆ. ಕಳಿಸೋವಾಗ ಕೈ ಸ್ವಲ್ಪ ನಡುಗ್ತು, ಸುಳ್ಳು ಯಾಕೆ ಹೇಳಲಿ.

ಐದು ಹೆಬ್ಬೆಟ್ಟು ಬಂತು. ಒಬ್ಬರು "ಒಳ್ಳೆಯ ವಿಚಾರ, ಮೀಟಿಂಗಿನಲ್ಲಿ ಮಾತಾಡೋಣ" ಅಂದ್ರು. ಇನ್ನೊಬ್ಬರು "ಬಾಡಿಗೆಯವರು ಪಾಲಿಸಿ ವಿಷಯದಲ್ಲಿ ತಲೆ ಹಾಕಬಾರದು" ಅಂದ್ರು. ಅವರು ಹೇಳಿದ್ದೂ ಸರಿಯೇ, ಮೀಟಿಂಗಿನಲ್ಲಿ ವೋಟು ಇರೋದು ಮಾಲೀಕರಿಗೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಲಿಫ್ಟನ್ನ ಸಾಮಾನ್ಯ ಸೌಲಭ್ಯಗಳ ಸಾಲಿಗೆ ಸೇರಿಸಿದೆ. ಆದರೆ ಅಲ್ಲಿ ಸಾಮಾನ್ಯ ಅಂದ್ರೆ ಮಾಲೀಕರೆಲ್ಲರಿಗೂ ಸೇರಿದ್ದು ಅಂತ. ಗೇಟಿನವರು, ಬಾಡಿಗೆಯವರು ಆ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಇದು ಕಾನೂನು ಬಂದು ಬಿಡಿಸೋ ಗಂಟಲ್ಲ. ಮನೆಯಲ್ಲಿರೋರೇ ಬಿಡಿಸಬೇಕು, ಅದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಒಂಬತ್ತನೇ ಮಹಡಿಯ ಅಜ್ಜಿ ಗ್ರೂಪಿನಲ್ಲಿಲ್ಲ. ಮಾರನೇ ದಿನ ಅವರೇ ನಮ್ಮ ಮನೆ ಬೆಲ್ ಒತ್ತಿ, "ನನ್ನ ಚೀಲ ಮೆಟ್ಟಿಲಲ್ಲಿ ಬಂತಂತೆ, ನಂಗೆ ಗೊತ್ತೇ ಇರಲಿಲ್ಲ ಕಣಮ್ಮಾ. ಮೀಟಿಂಗಿಗೆ ನಾನು ಬರ್ತೀನಿ" ಅಂದ್ರು. ಅಜ್ಜಿ ಮಾಲೀಕರು!

ಮಾಮನಿಗೆ ಸಿಟ್ಟು ಬಂತು. "ಯಾಕೆ ಪಾಪ ಇದೆಲ್ಲ? ನನ್ನ ಬೇರೆ ಬಿಲ್ಡಿಂಗ್‌ಗೆ ಹಾಕ್ಬಿಟ್ರೆ?" ಅಂದ್ರು. ಆ ಭಯ ಸುಳ್ಳಲ್ಲ, ಏಜೆನ್ಸಿಯವರಿಗೆ ಒಂದು ಫೋನ್ ಸಾಕು. ನನ್ನ ನಾಲ್ಕು ಸಾಲಿನ ಬೆಲೆ ಅವರು ತೆರಬೇಕಾದೀತು ಅನ್ನೋದು ನನಗೆ ಬರೆಯೋವಾಗ ಹೊಳೆದಿರಲಿಲ್ಲ. ಅದಕ್ಕೇ ಮೀಟಿಂಗಿನಲ್ಲಿ ಅವರ ಹೆಸರು ಎತ್ತಬೇಡಿ, ಬೋರ್ಡಿನ ವಿಷಯ ಮಾತ್ರ ಮಾತಾಡಿ ಅಂತ ಅಜ್ಜಿಗೆ ಹೇಳಿದ್ದೀನಿ. ಆದರೆ ಗಮನಿಸಿದ್ರಾ? ಗೇಟಿನಲ್ಲೇ ನಿಂತು ಮಾತಾಡ್ತಿದ್ದರೂ ಮಾಮ ನನ್ನನ್ನ "ಮೇಡಂ" ಅನ್ನಲಿಲ್ಲ.

ಬೋರ್ಡು ಇನ್ನೂ ಅಲ್ಲೇ ಇದೆ. ಮೀಟಿಂಗು ಮುಂದಿನ ತಿಂಗಳು. ಅಲ್ಲಿಯವರೆಗೆ ನಾನು ಹಲಗೆ ಹೊಡೆದ ಲಿಫ್ಟಿನಲ್ಲೇ ಹೋಗಿ ಬರ್ತಿದ್ದೀನಿ. ದೊಡ್ಡ ತ್ಯಾಗ ಏನಲ್ಲ, ಫ್ಯಾನಿಲ್ಲ ಅಷ್ಟೇ. ಒಂದು ಲಾಭ ಇದೆ. ಕನ್ನಡಿ ಲಿಫ್ಟಿನಲ್ಲಿ ಒಂದೂವರೆ ವರ್ಷದಲ್ಲಿ ಒಬ್ಬರೂ ನನ್ನನ್ನ ಮಾತಾಡಿಸಿರಲಿಲ್ಲ. ಇದರಲ್ಲಿ ಮೊದಲನೇ ದಿನವೇ ಹೌಸ್‌ಕೀಪಿಂಗಿನ ಅಕ್ಕ "ಆ ಲಿಫ್ಟು ಕೆಟ್ಟೋಗಿದೆಯಾ?" ಅಂತ ಕೇಳಿದ್ರು. ಇಲ್ಲ, ಸುಮ್ನೆ ಅಂದೆ. ಅವರೂ ಬಂಗಾರಪೇಟೆ ಕಡೆಯವರಂತೆ, ಅದೇ ರೈಲು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಬೋರ್ಡು ಇದೆಯಾ? ಇದ್ದರೆ, ನಾಳೆ ಲಿಫ್ಟಿಗೆ ಕಾಯೋವಾಗ ಇನ್ನೊಂದು ಸಲ ಓದಿ. ಆಮೇಲೆ ನಿಮಗೆ ಮೀಟಿಂಗಿನಲ್ಲಿ ವೋಟು ಇದ್ದರೆ, ದಯವಿಟ್ಟು ಮಾತಾಡಿ. ನನಗಿಲ್ಲ.