ಮನೆ ಕಟ್ಟುವ ದುಡ್ಡು ಯಾರ ಕಿಸೆಗೆ?

ಅಂಗಡಿ ಮೇಲೊಂದು ಮಾಳಿಗೆ ಎಬ್ಬಿಸಲು ಹೊರಟವರನ್ನು, ಐದು ಸೆಂಟ್ಸ್ ಜಾಗದಲ್ಲಿ ಮನೆಗೆ ಕೈಹಾಕಿದವರನ್ನು ಕೇಳಿ ನೋಡಿ. "ಸ್ಲ್ಯಾಬ್ ಹಾಕುವಷ್ಟರಲ್ಲೇ ಸಾಲ ಕರಗಿತು ಮಾರಾಯ್ರೆ" ಎಂಬುದು ಎಲ್ಲರದೂ ಒಂದೇ ರಾಗ. ದುಡ್ಡು ಹೋದದ್ದೆಲ್ಲಿಗೆ? ಸಿಮೆಂಟಿಗೆ, ಕಬ್ಬಿಣಕ್ಕೆ, ಗಾಜಿಗೆ. ಅಂದರೆ ಹೆಚ್ಚಿನ ಪಾಲು ಊರು ಬಿಟ್ಟು ಹೊರಗೆ.

ಈ ಲೆಕ್ಕವನ್ನು ತಿರುಗಿಸಿ ತೋರಿಸಿದ ಆರ್ಕಿಟೆಕ್ಟ್ ಒಬ್ಬರು ಪಕ್ಕದ ಕೇರಳದಲ್ಲೇ ಇದ್ದರು. ಹೆಸರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಮಹಾಯುದ್ಧದ ಕಾಲಕ್ಕೆ ಚೀನಾದಲ್ಲಿ ಶುಶ್ರೂಷೆಯ ಕೆಲಸ ಮಾಡಿ ಮರಳುವಾಗ, ಮುಂಬಯಿಯಲ್ಲಿ ಹಡಗಿಗೆ ಕಾಯುತ್ತಾ ಗಾಂಧೀಜಿಯನ್ನು ಕಂಡರು. ಒಳ್ಳೆಯ ಮನೆಗೆ ಬೇಕಾದ ಸಾಮಾನು ಸುತ್ತಲಿನ ಐದು ಮೈಲಿಯೊಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತು ಅವರಿಗೆ ಬದುಕಿಡೀ ದಾರಿಯಾಯಿತು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆ ಬಂದವರು ಇಲ್ಲಿಯವರೇ ಆದರು. ಹಿಮಾಲಯದ ಪಿತೋರಾಗಢದಲ್ಲಿ ಹದಿನಾರು ವರ್ಷ, ಆಮೇಲೆ ಕೇರಳ. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಅವರ ಕ್ರಮ ಸರಳ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ನಡುವೆ ಪೊಳ್ಳು ಬಿಟ್ಟರು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯಿತು, ಒಳಗೆ ಸೆಖೆಯೂ ಕಡಿಮೆ. ಕಿಟಕಿ, ದಾರಂದಕ್ಕೆ ಸುರಿಯುವ ದುಡ್ಡು ಉಳಿಸಲು ಇಟ್ಟಿಗೆಯಲ್ಲೇ ಜಾಲಂಧ್ರ ಬಿಟ್ಟರು. ಗೋಡೆಗೆ ಪ್ಲಾಸ್ಟರ್ ಇಲ್ಲ, ಪೇಂಟ್ ಇಲ್ಲ. ಕೂರುವ ಕಟ್ಟೆ, ಸಾಮಾನಿಡುವ ಗೂಡು ಗೋಡೆಯಲ್ಲೇ.

ಇನ್ನು ನಮ್ಮ ಮಂಗಳೂರು ಹಂಚಿನ ವಿಷಯ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಸರಿ, ಅಲ್ಲಿ ಹಳೇ ಹಂಚು ತುಂಬಿ ಅಂದರು ಬೇಕರ್. ಕಾಂಕ್ರೀಟ್ ಉಳಿಯಿತು, ಸ್ಲ್ಯಾಬಿನ ಭಾರ ಇಳಿಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿಗೆ ತಿರುವನಂತಪುರದಲ್ಲಿ ಹೊಸ ಕೆಲಸ ಸಿಕ್ಕಿತು. ನಾವು? ಒಂದೊಂದಾಗಿ ಕಾರ್ಖಾನೆ ಮುಚ್ಚುವುದನ್ನು ನೋಡಿದೆವು. ಹಳೇ ಮನೆ ಕೆಡವಿದಾಗ ಹಂಚು ಹಿತ್ತಲಿಗೆ ಎಸೆದೆವು.

ಇದೆಲ್ಲ ಬಡವರ ಮನೆಗೆ ಮಾತ್ರ ಅನ್ನುವವರು ತಿರುವನಂತಪುರದ ತಂಪಾನೂರಿಗೆ ಹೋಗಲಿ. ಬಸ್ ನಿಲ್ದಾಣದ ಹತ್ತಿರವೇ ಇಂಡಿಯನ್ ಕಾಫಿ ಹೌಸ್ ಉಂಟು. ಕೆಂಪು ಇಟ್ಟಿಗೆಯ ದುಂಡು ಗೋಪುರ, ಒಳಗೆ ಸುತ್ತುತ್ತಾ ಏರುವ ಇಳಿಜಾರು. ಮೇಜು, ಬೆಂಚು ಕಟ್ಟಡದ ಜತೆಗೇ ಕಟ್ಟಿದ್ದು. ಬೆಳಕು, ಗಾಳಿ ಬರುವುದು ಜಾಲಂಧ್ರದಿಂದ. ಬಸ್ಸಿಗೆ ಕಾಯುವವರು ಅಲ್ಲಿ ಕಾಫಿ ಕುಡಿಯುತ್ತಾರೆ. 1971ರ ಹೊತ್ತಿಗೆ ಶುರುವಾದ ಅಲ್ಲಿನ ಅಭಿವೃದ್ಧಿ ಅಧ್ಯಯನ ಕೇಂದ್ರವೂ ಇದೇ ಕ್ರಮದ್ದು.

ಹಾಗಾದರೆ ಎಲ್ಲರೂ ಹೀಗೇ ಯಾಕೆ ಕಟ್ಟುವುದಿಲ್ಲ? ಕಾರಣ ಉಂಟು. ಖರ್ಚಿನ ಮೇಲೆ ಶೇಕಡಾ ಲೆಕ್ಕದಲ್ಲಿ ಫೀಸು ಪಡೆಯುವವರಿಗೆ ಖರ್ಚು ಇಳಿಸಿದರೆ ನಷ್ಟ. ಬೇಕರ್ ಸೈಟಿನಲ್ಲೇ ನಿಂತು, ರದ್ದಿ ಕಾಗದದಲ್ಲಿ ಗೆರೆ ಎಳೆದು, ಮೇಸ್ತ್ರಿಗಳ ಜತೆ ಕಟ್ಟಿಸುತ್ತಿದ್ದರು. ಅಷ್ಟು ಹೊತ್ತು ಯಾರಿಗುಂಟು? ಈ ಕೆಲಸಕ್ಕೆ ಪಳಗಿದ ಕೈ ಬೇಕು, ಕೂಲಿ ಈಗ ದುಬಾರಿ. ನಮ್ಮ ಮಳೆಗೆ ಪ್ಲಾಸ್ಟರ್ ಇಲ್ಲದ ಗೋಡೆ ನಿಲ್ಲಬೇಕಾದರೆ ಮಾಡು ಚೆನ್ನಾಗಿ ಮುಂಚಾಚಬೇಕು. ಉಳಿತಾಯ ಸುಮ್ಮನೆ ಆಗುವುದಿಲ್ಲ.

ಆದರೂ ಒಂದು ಮಾತು. ಸಾಮಾನಿಗೆ ಕೊಟ್ಟ ದುಡ್ಡು ದೂರದ ಕಂಪೆನಿಗೆ ಹೋಗುತ್ತದೆ. ಮೇಸ್ತ್ರಿಗೆ ಕೊಟ್ಟ ಕೂಲಿ ಸಂಜೆಗೆ ಮೀನು ಮಾರ್ಕೆಟಿಗೆ, ದಿನಸಿ ಅಂಗಡಿಗೆ ಬರುತ್ತದೆ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತ್ರಿಶ್ಶೂರಿನಲ್ಲಿ 1985ರಲ್ಲಿ ಹುಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆ ಬೇಕರ್ ದಾರಿಯಲ್ಲಿ ಕಟ್ಟುತ್ತಾ ಬಂದಿದೆ. ಕೆಂಪು ಕಲ್ಲೂ ಹಂಚೂ ಎರಡೂ ಇರುವ ನಮ್ಮ ಜಿಲ್ಲೆಗೆ ಅಂಥದ್ದೊಂದು ಯಾಕೆ ಬೇಡ? ಮುಂದಿನ ಸಲ ಇಂಜಿನಿಯರ್ ನಕ್ಷೆ ಬಿಡಿಸಿ ತೋರಿಸಿದಾಗ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಯಾವುದು ಇಲ್ಲದಿದ್ದರೂ ನಡೀತದೆ?"